ಸಣ್ಣ ಗಾಡಿಯೆಂಬ ದೊಡ್ಡ ನೆಪ

ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿ ಗೇಟಿನ ಬಳಿ ಬೆಳಗ್ಗೆ ಅರ್ಧ ಗಂಟೆ ನಿಂತರೆ ಸಾಕು. ಹಳ್ಳಿಗಳ ಕಡೆಯಿಂದ ಪಿಕಪ್‌ಗಳು ಒಂದರ ಹಿಂದೊಂದು ಬರುತ್ತವೆ. ಕ್ಯಾಬಿನ್ನಿನ ನೆತ್ತಿಗಿಂತ ಎರಡು ಸಾಲು ಮೇಲಕ್ಕೇರಿದ ಬಾಕ್ಸುಗಳು, ಅವುಗಳ ಮೇಲೆ ಅಡ್ಡಡ್ಡ ಎಳೆದು ಬಿಗಿದ ಒಂದೇ ನೈಲಾನ್ ಹಗ್ಗ, ಆ ಹಗ್ಗವನ್ನು ಹಿಡಿದು ತುತ್ತತುದಿಯಲ್ಲಿ ಕೂತ ಒಬ್ಬ ಹುಡುಗ. ಹಂಪ್ ದಾಟುವಾಗ ಗಾಡಿಯ ಮೂತಿ ಮೇಲೇಳುತ್ತದೆ, ಹಿಂಭಾಗ ನೆಲಕ್ಕೆ ಕುಕ್ಕರಿಸುತ್ತದೆ. ಬಾಗಿಲ ಮೇಲೆ ಪುಟ್ಟ ಅಕ್ಷರಗಳಲ್ಲಿ ಗಾಡಿಯ ಖಾಲಿ ತೂಕ ಎಷ್ಟು, ಲೋಡು ಸೇರಿ ಎಷ್ಟಿರಬಹುದು ಎಂದು ಬರೆದಿರುತ್ತದೆ. ಅದನ್ನು ಓದುವ ಪುರುಸೊತ್ತು ಯಾರಿಗೂ ಇಲ್ಲ.

ಓದಿದರೆ ಲೆಕ್ಕವೇನೂ ಕಷ್ಟದ್ದಲ್ಲ. ಒಂದು ಬಾಕ್ಸಿನಲ್ಲಿ 15 ಕೆ.ಜಿ. ಟೊಮೆಟೊ. 1,300 ಕೆ.ಜಿ. ಹೊರಲು ಅನುಮತಿಯಿರುವ ಪಿಕಪ್‌ಗೆ, ಬಾಕ್ಸಿನ ಸ್ವಂತ ತೂಕ ಬಿಟ್ಟು ಲೆಕ್ಕ ಹಾಕಿದರೂ, 86 ಬಾಕ್ಸಿಗೇ ಹೊಟ್ಟೆ ತುಂಬಿತು. 150 ಹೇರಿದರೆ ಹಣ್ಣಿನ ತೂಕವೇ 2,250 ಕೆ.ಜಿ. ಅಂದರೆ ಹತ್ತಿರ ಹತ್ತಿರ ಒಂದು ಟನ್ ಹೆಚ್ಚುವರಿ.

ಇದನ್ನು ಯಾರಾದರೂ ಎತ್ತಿ ಆಡಿದರೆ ಬರುವ ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ಬಿಡಿ ಸಾರ್, ಇದೇನು ಲಾರಿನಾ? ಸಣ್ಣ ಗಾಡಿ. ಹೊಟ್ಟೆಪಾಡು. ರೇಡಿಯಂ ಇಲ್ಲ, ಗವರ್ನರ್ ಇಲ್ಲ, ಲೋಡು ಜಾಸ್ತಿ ಅಂತ ಹಿಡಿಯೋದೆಲ್ಲ ಮಾಮೂಲಿಗೆ.’ ಚಾಲಕನೊಬ್ಬನೇ ಹೀಗೆ ಹೇಳಿದ್ದರೆ ಅವನ ಕಷ್ಟ ಅವನಿಗೆ ಎಂದು ಸುಮ್ಮನಾಗಬಹುದಿತ್ತು. ಆದರೆ ಹಾಗೆ ಹೇಳುವವರಲ್ಲಿ ಮಂಡಿ ವರ್ತಕರಿದ್ದಾರೆ, ಗಾಡಿ ಮಾಲೀಕರ ಮುಖಂಡರಿದ್ದಾರೆ, ‘ಬಡವರ ಮೇಲೆ ಯಾಕೆ ಪ್ರತಾಪ’ ಎಂದು ಕೇಳುವ ರಾಜಕಾರಣಿಗಳಿದ್ದಾರೆ, ಮನೆ ಬದಲಿಸುವಾಗ ಇಡೀ ಸಂಸಾರವನ್ನು ಒಂದೇ ಟ್ರಿಪ್ಪಿಗೆ ತುಂಬಿಸುವ ವಿದ್ಯಾವಂತರೂ ಇದ್ದಾರೆ. ಸಣ್ಣ ಸರಕು ವಾಹನಕ್ಕೆ ಕಾನೂನು ಕೇಳುವ ಸಲಕರಣೆಗಳೆಲ್ಲ ವಸೂಲಿಯ ನೆಪ ಎಂಬುದು ಈಗ ಹೆಚ್ಚುಕಡಿಮೆ ಸರ್ವಸಮ್ಮತ ಅಭಿಪ್ರಾಯ. ಆ ಅಭಿಪ್ರಾಯ ತಪ್ಪು, ಮತ್ತು ಅದರಿಂದ ಮೊದಲು ಹಾಳಾಗುವವನು ಅದನ್ನು ನಂಬಿದ ಚಾಲಕನೇ.

ಸಣ್ಣ ಗಾಡಿಯ ಮೇಲೆ ಕಾನೂನಿಗೆ ಕರುಣೆಯಿಲ್ಲ ಎಂಬ ಮಾತನ್ನೇ ಮೊದಲು ನೋಡೋಣ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಈ ಜಾತಿಯ ಗಾಡಿಗಳು ಊರೂರಿಗೆ ಹಬ್ಬಿದವು. ಆಮೇಲೆ ದೋಸ್ತ್ ಬಂತು, ಬೊಲೆರೊ ಪಿಕಪ್ ಹಳ್ಳಿ ಸಂದಿಗಳಿಗೂ ನುಗ್ಗಿತು. ಇವುಗಳ ಪಾಲಿಗೆ ಕಾನೂನು ಬಹಳ ಹಿಂದಿನಿಂದಲೂ ಉದಾರವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಲ್ಲೇ, ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ ಎಂದಿದೆ. ಲೈಸೆನ್ಸಿನಲ್ಲೂ ಹಾಗೆಯೇ. 7,500 ಕೆ.ಜಿ. ಒಳಗಿನ ಸರಕು ಗಾಡಿ ಓಡಿಸಲು ಕಾರಿನ ಎಲ್‌ಎಂವಿ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ವಿಮಾ ಕಂಪನಿಗಳು ಹಟ ಹಿಡಿದು ಸಂವಿಧಾನ ಪೀಠದವರೆಗೆ ಹೋದರೂ 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳು ಅದನ್ನೇ ಎತ್ತಿಹಿಡಿದರು. ಪ್ರತ್ಯೇಕ ಬ್ಯಾಡ್ಜು ಬೇಡ, ಪ್ರತ್ಯೇಕ ತರಬೇತಿ ಬೇಡ.

ಚಾಲಕರಿಗೆ ಇದು ನ್ಯಾಯವಾಗಿ ಸಿಕ್ಕ ಅನುಕೂಲ, ಯಾರೂ ಕರುಬಬೇಕಿಲ್ಲ. ಆದರೆ ಪರ್ಮಿಟ್ ಬೇಡ ಎಂಬುದು ಬಾಯಿಂದ ಬಾಯಿಗೆ ಸಾಗುವಾಗ ‘ನಮ್ಮ ಗಾಡಿಗೆ ಏನೂ ಬೇಡ’ ಎಂದಾಗಿದೆ. 1.7 ಟನ್ ಹೊರುವ, ಒಟ್ಟು ತೂಕ 3,000 ದಾಟುವ ಪಿಕಪ್‌ನ ಮಾಲೀಕರೂ ತಮ್ಮದು ಅದೇ ವಿನಾಯಿತಿಯ ಗಾಡಿ ಎಂದುಕೊಂಡಿರುತ್ತಾರೆ. ಪರ್ಮಿಟ್ಟಿನ ಕಾಗದವನ್ನೂ ಬ್ಯಾಡ್ಜಿನ ತರಬೇತಿಯನ್ನೂ ಬಿಟ್ಟುಕೊಟ್ಟ ಮೇಲೆ ಕಾನೂನು ಪಟ್ಟು ಬಿಡದೆ ಉಳಿಸಿಕೊಂಡಿರುವುದು ಗಾಡಿಯ ಮೈಮೇಲಿರಬೇಕಾದ ನಾಲ್ಕಾರು ವಸ್ತುಗಳನ್ನು ಮಾತ್ರ. ರಾತ್ರಿ ಹೊಳೆಯುವ ಪಟ್ಟಿ, ಕೆಟ್ಟು ನಿಂತಾಗ ಇಡುವ ತ್ರಿಕೋನ, ಗಂಟೆಗೆ 80 ಕಿ.ಮೀ.ಗೆ ತಡೆಯುವ ಗವರ್ನರ್, ಕಂಪನಿ ಕೊಟ್ಟಂತೆಯೇ ಇರಬೇಕಾದ ಬ್ರೇಕು–ಕಮಾನು–ಬಾಡಿ, ಬಾಗಿಲ ಮೇಲಿನ ತೂಕದ ಮಿತಿ. ಇವನ್ನೂ ಬಿಟ್ಟರೆ ರಸ್ತೆಯ ಮೇಲೆ ಉಳಿಯುವುದು ದೇವರ ಫೋಟೊ ಮತ್ತು ನಿಂಬೆಹಣ್ಣು.

ಎಫ್‌ಸಿ, ಅಂದರೆ ಗಾಡಿಯ ಅರ್ಹತಾ ಪ್ರಮಾಣಪತ್ರ, ಮಾಡಿಸುವ ದಿನದ ಸಡಗರ ಎಲ್ಲರಿಗೂ ಗೊತ್ತಿರುವುದೇ. ಹೊಸ ಸರಕು ಗಾಡಿಯ ಮೊದಲ ಎಫ್‌ಸಿ ಎರಡು ವರ್ಷ ಬಾಳುತ್ತದೆ, ನಂತರ ಎಂಟು ವರ್ಷದವರೆಗೆ ಎರಡೆರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. ಅಂದು ಗೆಳೆಯನ ಗಾಡಿಯ ಸ್ಟೆಪ್ನಿ ಎರವಲು ಬರುತ್ತದೆ, ಒಣಗಿ ಸುಲಿದ ರೇಡಿಯಂ ಜಾಗದಲ್ಲಿ ಹೊಸದು ಮಿನುಗುತ್ತದೆ, ಡ್ಯಾಶ್‌ಬೋರ್ಡಿನ ಸಂದಿಯಿಂದ ಪ್ರಥಮ ಚಿಕಿತ್ಸೆಯ ಡಬ್ಬಿ ಹೊರಬರುತ್ತದೆ. ಒಳಗಿನ ಬ್ಯಾಂಡೇಜು ಗಾಡಿಗಿಂತ ಹಳೆಯದೇನೋ ಎನ್ನಿಸುವಂತಿರುತ್ತದೆ, ಇರಲಿ. ಮರುದಿನ ಸ್ಟೆಪ್ನಿ ವಾಪಸು. ಗವರ್ನರಿನ ವೈರು ಮತ್ತೆ ಕಟ್. ಪರೀಕ್ಷೆಯ ಹಾಲಿಗೆ ಎರವಲು ಪೆನ್ನು ತೆಗೆದುಕೊಂಡು ಹೋದಂತೆ.

ಇದೆಲ್ಲಕ್ಕಿಂತ ಅಪಾಯದ ಕೆಲಸ ನಡೆಯುವುದು ರಸ್ತೆ ಬದಿಯ ಕಮಾನು ಅಂಗಡಿಯಲ್ಲಿ. ಹೊಸ ಪಿಕಪ್ ತಂದವರು ಶೋರೂಮಿನಿಂದ ದೇವಸ್ಥಾನಕ್ಕೆ, ದೇವಸ್ಥಾನದಿಂದ ನೇರ ಅಲ್ಲಿಗೆ ಹೋಗುವುದು ಕೆಲವು ಕಡೆ ವಾಡಿಕೆಯೇ ಆಗಿದೆ. ಹಿಂದಿನ ಕಮಾನಿಗೆ ಎರಡು ಮೂರು ಪ್ಲೇಟು ಹೆಚ್ಚು ಹಾಕಿಸಿದರೆ ಎಷ್ಟು ಹೇರಿದರೂ ಗಾಡಿ ‘ಕೂರುವುದಿಲ್ಲ’. ಬಾಡಿಯ ಮೇಲೆ ಕಬ್ಬಿಣದ ಕಟಕಟೆ ಬೆಸೆದು ಎತ್ತರಿಸಿದರೆ ಇನ್ನೆರಡು ಸಾಲು ಬಾಕ್ಸು ಹಿಡಿಯುತ್ತದೆ. ‘ಗಾಡಿ ಸ್ಟ್ರಾಂಗ್ ಮಾಡಿಸಿದ್ದೀವಿ’ ಎನ್ನುವಾಗ ಮುಖದಲ್ಲಿ ಹೆಮ್ಮೆ.

ಸ್ಟ್ರಾಂಗ್ ಆಗಿರುವುದು ಏನು? ಬ್ರೇಕಿನ ಡ್ರಮ್ಮು ಅದೇ, ಲೈನರ್ ಅದೇ, ಟೈರು ಅದೇ, ಆಕ್ಸಲ್ ಅದೇ. ಅಷ್ಟೇ ಅಲ್ಲ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಪುಟ್ಟ ಕಡ್ಡಿ, ಅದಕ್ಕೆ ಜೋಡಿಸಿದ ಒಂದು ವಾಲ್ವ್ ಇರುತ್ತದೆ, ಎಲ್‌ಎಸ್‌ಪಿವಿ ಎನ್ನುತ್ತಾರೆ. ಲೋಡು ಬಿದ್ದಾಗ ಕಮಾನು ಎಷ್ಟು ತಗ್ಗಿತು ಎಂಬುದನ್ನು ನೋಡಿ ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಕೊಡಬೇಕೆಂದು ನಿರ್ಧರಿಸುವುದು ಅದರ ಕೆಲಸ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಜಾಮ್ ಆಗಿ ಗಾಡಿ ತಿರುಗಿಬೀಳದಂತೆ ಕಡಿಮೆ, ತುಂಬಿದ ಗಾಡಿಗೆ ಹೆಚ್ಚು. ಈಗ ಪ್ಲೇಟು ಹಾಕಿಸಿ ಕಮಾನನ್ನು ಗಡಸು ಮಾಡಿದರೆ ಎರಡು ಟನ್ ಹೇರಿದರೂ ಅದು ತಗ್ಗುವುದಿಲ್ಲ. ವಾಲ್ವ್ ಪಾಪ, ಗಾಡಿ ಅರ್ಧ ಖಾಲಿಯೇ ಇದೆ ಎಂದುಕೊಂಡು ಹಿಂದಿನ ಬ್ರೇಕನ್ನು ಕಡಿಮೆಯೇ ಕೊಡುತ್ತದೆ. ಭಾರ ಹೆಚ್ಚಾದಾಗಲೇ ಬ್ರೇಕು ಕಡಿಮೆ! ಕೆಲವು ಸಾವಿರ ಕೊಟ್ಟು ಮಾಡಿಸಿಕೊಂಡ ‘ಗಟ್ಟಿತನ’ ಇದು.

ಟೊಮೆಟೊ ಗಾಡಿಗೇ ಮರಳಿದರೆ: ಖಾಲಿ ತೂಕ 1,700 ಕೆ.ಜಿ. ಎಂದಿಟ್ಟುಕೊಳ್ಳಿ. 86 ಬಾಕ್ಸಿಗೆ ಒಟ್ಟು 3,000 ಕೆ.ಜಿ. ಆಸುಪಾಸು, 150ಕ್ಕೆ 3,950. ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಅಷ್ಟರಿಂದಲೇ ಸುಮಾರು ಮೂರನೇ ಒಂದು ಪಾಲು ಏರಿತು. ವೇಗ 60ರಿಂದ 80ಕ್ಕೆ ಏರಿದರೆ, ವೇಗದ ವರ್ಗಕ್ಕೆ ತಕ್ಕಂತೆ, ಇನ್ನೂ ಒಂದೂಮುಕ್ಕಾಲು ಪಟ್ಟು. ಎರಡೂ ಸೇರಿ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಗವರ್ನರಿನ ವೈರು ಕಟ್ ಮಾಡಿಸಿ 80ನ್ನೂ ದಾಟಿದವರ ಲೆಕ್ಕ ಬೇರೆ. ನಂದಿಬೆಟ್ಟದ ಬುಡದಲ್ಲೋ ಚಾರ್ಮಾಡಿಯಲ್ಲೋ ಇಳಿಜಾರಿನಲ್ಲಿ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿದವರಿಗೆ ಈ ಗುಣಾಕಾರ ಯಾರೂ ಹೇಳಿಕೊಡಬೇಕಿಲ್ಲ.

ಕಂಪನಿ ಕೊಟ್ಟ ಗಾಡಿಯನ್ನು ಹೀಗೆ ಬದಲಿಸುವಂತಿಲ್ಲ ಎನ್ನುವುದು 52ನೇ ಕಲಮು. ಬದಲಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. ಹೆಚ್ಚು ಲೋಡಿಗೆ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ದಂಡ ಕಟ್ಟಿದರೆ ಹಾಗೇ ಮುಂದೆ ಹೋಗಬಹುದು ಎಂಬುದು ಹೆದ್ದಾರಿಯ ಇನ್ನೊಂದು ನಂಬಿಕೆ. ಹೋಗುವಂತಿಲ್ಲ. ಹೆಚ್ಚುವರಿ ಸರಕನ್ನು ಇಳಿಸಿಯೇ ಗಾಡಿ ಕದಲಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿಯಾಗಿದೆ.

ಇನ್ನು ಕೆಂಪು ಬಟ್ಟೆ.

ಕಬ್ಬಿಣದ ಅಂಗಡಿಯಿಂದ ಹೊರಟ ಟಾಟಾ ಏಸ್‌ನ ಹಿಂದೆ ಸರಳುಗಳು ಆರೇಳು ಅಡಿ ಚಾಚಿಕೊಂಡಿರುತ್ತವೆ. ತುದಿಯಲ್ಲಿ ಒಂದು ಕೆಂಪು ಚಿಂದಿ. ಅದನ್ನು ಕಟ್ಟಿದರೆ ಕಾನೂನು ತೃಪ್ತವಾಯಿತು ಎಂಬುದು ಅಂಗಡಿಯವರ, ಚಾಲಕರ, ಎಷ್ಟೋ ಸಲ ಪೇದೆಯವರ ಗಾಢ ನಂಬಿಕೆ. ಹಿಂದೊಮ್ಮೆ ಒಂದು ಮೀಟರ್ ಚಾಚಲು ನಿಯಮವೇ ಅವಕಾಶ ಕೊಟ್ಟಿತ್ತು. ರಸ್ತೆ ಸುರಕ್ಷತೆಗೆ ದುಡಿಯುವ ಸೇವ್‌ಲೈಫ್ ಫೌಂಡೇಶನ್ ಸುಪ್ರೀಂ ಕೋರ್ಟಿನ ಬಾಗಿಲು ಬಡಿದ ಮೇಲೆ ಕೇಂದ್ರ ಸರ್ಕಾರ 2014ರಲ್ಲಿ ಆ ಅವಕಾಶವನ್ನು ತೆಗೆದುಹಾಕಿತು. ಈಗ ಬಾಡಿಯಿಂದ ಆಚೆಗೆ ಚಾಚಿದ್ದು ಚಾಚಿದ್ದೇ. ಅದಕ್ಕೂ 20,000 ದಂಡ. ಮುಸ್ಸಂಜೆಯ ಮಬ್ಬಿನಲ್ಲಿ ಹಿಂದೆ ಬರುವ ಬೈಕ್ ಸವಾರನಿಗೆ ಆ ಚಿಂದಿ ಕಾಣುವಷ್ಟರಲ್ಲಿ ಸರಳು ಅವನ ಎದೆಯ ಮಟ್ಟದಲ್ಲಿರುತ್ತದೆ. ಉದ್ದನೆಯ ಸರಳಿಗೆ ಉದ್ದನೆಯ ಗಾಡಿ ತರಿಸಬೇಕು, ಇಲ್ಲ ಅಂಗಡಿಯಲ್ಲೇ ಕತ್ತರಿಸಬೇಕು, ಇಲ್ಲ ಬಗ್ಗಿಸಬೇಕು. ಬೇರೆ ದಾರಿ ಇಲ್ಲ.

ರೇಡಿಯಂ ಪಟ್ಟಿಯ ಮೇಲಂತೂ ಎಲ್ಲರಿಗೂ ತಾತ್ಸಾರ. ಮುಂದೆ ಬಿಳಿ, ಹಿಂದೆ ಕೆಂಪು. ಬೆಲೆ ಕೆಲವು ನೂರು ರೂಪಾಯಿ. ಆದರೆ ಕೆಟ್ಟು ನಿಂತ ಗಾಡಿಯ ಹಿಂದೆ ನಮ್ಮಲ್ಲಿ ಕಾಣುವುದು ನಾಲ್ಕು ಕಲ್ಲು, ಒಂದು ಬೇವಿನ ಕೊಂಬೆ. ಹಗಲಾದರೆ ಕೊಂಬೆಯಾದರೂ ಕಂಡೀತು. ಕತ್ತಲಲ್ಲಿ ಎರಡೂ ಕಾಣುವುದಿಲ್ಲ, ರಿಪೇರಿ ಮುಗಿದು ಗಾಡಿ ಹೊರಟ ಮೇಲೆ ಕಲ್ಲುಗಳು ಮಾತ್ರ ರಸ್ತೆಯಲ್ಲೇ ಉಳಿಯುತ್ತವೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಬಡಿದು 13 ಜನ ಸತ್ತರು. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಯ ಊರಿಗೆ ಹೊರಟಿದ್ದವರು. ಅದರ ಹಿಂದಿನ ವರ್ಷ ಅಕ್ಟೋಬರ್‌ನಲ್ಲಿ ಚಿಕ್ಕಬಳ್ಳಾಪುರದ ಬಳಿ ಮಂಜಿನಲ್ಲಿ ನಿಂತಿದ್ದ ಟ್ಯಾಂಕರಿಗೆ ಸುಮೊ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ಹೋದರು. ನಿಂತ ವಾಹನ ಎಷ್ಟು ದೊಡ್ಡ ಕೊಲೆಗಾರ ಎಂಬುದಕ್ಕೆ ಈ ಎರಡು ಸಾಕು. ನಿಂತದ್ದು ಲಾರಿಯೇ ಆಗಲಿ, ಟೈಲ್ ಲೈಟು ಒಡೆದ ಪಿಕಪ್ಪೇ ಆಗಲಿ, ಹಿಂದೆ ಬರುವವನಿಗೆ ಕಾಣದಿದ್ದರೆ ಎರಡೂ ಒಂದೇ.

‘ಪರದೇಶದಲ್ಲಿ ಪಿಕಪ್‌ನವರನ್ನು ಯಾರೂ ಮುಟ್ಟುವುದಿಲ್ಲ’ ಎಂಬ ಮಾತನ್ನೂ ಕೆಲವರು ತೇಲಿಬಿಡುತ್ತಾರೆ. ಪಿಕಪ್‌ಗಳ ತವರಾದ ಅಮೆರಿಕದಲ್ಲಿ ನಡೆಯುವುದು ಇದು: ಬಾಡಿಗೆಗೆ ರಾಜ್ಯ ದಾಟಿ ಸರಕು ಒಯ್ಯುವ ಪಿಕಪ್, ಟ್ರೈಲರ್ ಸೇರಿ 10,001 ಪೌಂಡ್, ಅಂದರೆ ಸುಮಾರು 4,536 ಕೆ.ಜಿ. ಮಿತಿ ಮುಟ್ಟಿತೋ, ದೊಡ್ಡ ಟ್ರಕ್ಕಿನ ಸಲಕರಣೆ ನಿಯಮ ಅದಕ್ಕೂ ಅನ್ವಯ. ಬೆಂಕಿ ನಂದಿಸುವ ಸಿಲಿಂಡರ್ ಬೇಕು, ಮೂರು ತ್ರಿಕೋನ ಬೇಕು. ಗಾಡಿ ನಿಂತ ಹತ್ತು ನಿಮಿಷದೊಳಗೆ ತ್ರಿಕೋನ ಇಟ್ಟಿರಬೇಕು, ನೂರು ಅಡಿ ದೂರದಲ್ಲಿ ಒಂದು ಇರಬೇಕು. ಲೋಡು ಕಟ್ಟಿದ ಬೆಲ್ಟು–ಸರಪಳಿಗಳ ಒಟ್ಟು ತಾಳಿಕೆ ಸರಕಿನ ತೂಕದ ಅರ್ಧಕ್ಕಾದರೂ ಸಮ ಇರಬೇಕು. ಹೊರಟ ಮೊದಲ 50 ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ಕಟ್ಟು ಸಡಿಲಾಗಿದೆಯೇ ಎಂದು ನೋಡಬೇಕು. ನಮ್ಮಲ್ಲಿ ಹಗ್ಗಕ್ಕೆ ಇಂಥ ಲೆಕ್ಕವನ್ನು ಯಾರೂ ಕೇಳುವುದೇ ಇಲ್ಲ. ಹಮಾಲನು ಕಾಲು ಕೊಟ್ಟು ಎಳೆದು ‘ಸಾಕು ಬಿಡಣ್ಣ’ ಎಂದರೆ ಸಾಕು.

‘ಸಣ್ಣ ಗಾಡಿ, ಬಿಡಿ’ ಎಂಬ ವಾದದಲ್ಲಿ ಅತ್ಯಂತ ಕ್ರೂರವಾದ ಭಾಗ ಜನರನ್ನು ಹೇರುವುದು. ಕೂಲಿಗೆ, ಮದುವೆಗೆ, ಜಾತ್ರೆಗೆ, ಪಕ್ಷದ ಸಮಾವೇಶಕ್ಕೆ. ‘ಬಸ್ಸಿಲ್ಲ, ಏನು ಮಾಡೋದು?’ ಎಂಬ ಪ್ರಶ್ನೆ ನಿಜವಾದದ್ದು. ಸರ್ಕಾರ ಅದಕ್ಕೆ ಉತ್ತರ ಕೊಡಬೇಕು. ಆದರೆ ಆ ಪ್ರಶ್ನೆ ಕಟಕಟೆಗೆ ಸೀಟ್‌ಬೆಲ್ಟು ಕಟ್ಟುವುದಿಲ್ಲ. 2024ರ ಮೇ 20ರಂದು ಛತ್ತೀಸ್‌ಗಢದ ಕಬೀರ್‌ಧಾಮ್ ಜಿಲ್ಲೆಯಲ್ಲಿ ಬೀಡಿ ಎಲೆ ಕೊಯ್ದು ಮರಳುತ್ತಿದ್ದ ಬೈಗಾ ಬುಡಕಟ್ಟಿನವರ ಪಿಕಪ್ ಉರುಳಿ 19 ಮಂದಿ ಸತ್ತರು. ಒಬ್ಬರನ್ನು ಬಿಟ್ಟು ಎಲ್ಲರೂ ಹೆಣ್ಣುಮಕ್ಕಳು. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು–ತರಕಾರಿ ತುಂಬಿಕೊಂಡು, ಅದರ ಜೊತೆಗೇ ಕೂತು ಹೊರಟಿದ್ದ ವ್ಯಾಪಾರಿಗಳ ಲಾರಿ ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ಕಮರಿಗೆ ಬಿದ್ದು ಹತ್ತು ಜನ ಹೋದರು. ಸರಕಿನ ಜೊತೆ ಕೂತವರ ಮೇಲೆ ಮೊದಲು ಬೀಳುವುದು ಸರಕೇ.

ಸತ್ತ ಮೇಲೆ ಏನಾಗುತ್ತದೆ ಎಂಬುದು ಹಳ್ಳಿಗಳಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. ಸರಕು ಗಾಡಿಯ ವಿಮೆ 1994ರ ತಿದ್ದುಪಡಿಯ ನಂತರ ಒಳಗೊಳ್ಳುವುದು ಸರಕಿನ ಮಾಲೀಕನನ್ನು ಅಥವಾ ಅವನ ಅಧಿಕೃತ ಪ್ರತಿನಿಧಿಯನ್ನು ಮಾತ್ರ. ಬಾಡಿಗೆ ಕೊಟ್ಟೋ ಪುಕ್ಕಟೆಯಾಗಿಯೋ ಹತ್ತಿಕೊಂಡವರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಸರಕಿನ ಮಾಲೀಕನೂ ಕ್ಯಾಬಿನ್ನಿನಲ್ಲಿ ಕೂತಿರಬೇಕೇ ಹೊರತು ಮೂಟೆಯ ಮೇಲಲ್ಲ ಎಂಬುದು 2007ರ ತೀರ್ಪು. ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಗಾಡಿ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟು ಆದೇಶಿಸುವುದುಂಟು. ವಸೂಲು ಎಂದರೆ ಯಾರಿಂದ? ಕಂತಿನಲ್ಲಿ ಪಿಕಪ್ ತೆಗೆದುಕೊಂಡ, ಅದನ್ನು ತಾನೇ ಓಡಿಸುವ, ಅರ್ಧ ಎಕರೆ ಜಮೀನಿನ ಅದೇ ‘ಬಡವ’ನಿಂದ. ಅವನ ಹೊಟ್ಟೆಪಾಡಿನ ಹೆಸರಲ್ಲಿ ನಿಯಮ ಸಡಿಲಿಸಿ ಎನ್ನುವವರು ಆ ಹೊತ್ತಿಗೆ ಕೋರ್ಟಿನ ಹತ್ತಿರ ಸುಳಿಯುವುದಿಲ್ಲ.

ಮಾಮೂಲಿಯ ಮಾತು ಸುಳ್ಳೇ ಎಂದು ಯಾರಾದರೂ ಕೇಳಬಹುದು. ಸುಳ್ಳಲ್ಲ. ಚೆಕ್‌ಪೋಸ್ಟುಗಳಲ್ಲಿ ಕೈ ಬದಲಾಗುವ ನೋಟುಗಳನ್ನು ಕಾಣದವರಿಲ್ಲ. ಆದರೆ ಆ ನೋಟು ಕೊಳ್ಳುವುದು ಏನನ್ನು ಎಂದು ಯೋಚಿಸಬೇಕು. ರೇಡಿಯಂ ಅಂಟಿಸಿದ, ಲೋಡು ಸರಿಯಿರುವ ಗಾಡಿಯನ್ನು ನಿಲ್ಲಿಸಿ ಹಣ ಕೇಳಿದರೆ ಅದು ಸುಲಿಗೆ. ಅಂಥದ್ದೂ ನಡೆಯುತ್ತದೆ, ಅದನ್ನು ಮಾಡಿದವರಿಗೆ ಶಿಕ್ಷೆಯಾಗಬೇಕು. ಆದರೆ ನೂರೈವತ್ತು ಬಾಕ್ಸಿನ ಗಾಡಿ ದಾಟಿಹೋಗಲು ಕೊಟ್ಟ ನೋಟು, ನಿಯಮವನ್ನು ಜಾರಿ ಮಾಡದಿರಲು ಕೊಟ್ಟ ಕೂಲಿ. ಅದರಲ್ಲಿ ಅಧಿಕಾರಿಗೂ ಲಾಭ, ಮಂಡಿಗೂ ಲಾಭ. ನಿಯಮ ಇರುವುದರಿಂದ ಲಂಚ ಹುಟ್ಟಿತು ಎನ್ನುವವರು ಅದೇ ಉಸಿರಿನಲ್ಲಿ ಬೀಗ ಇರುವುದರಿಂದಲೇ ಕಳ್ಳತನ ಎಂದೂ ಹೇಳಬೇಕಾಗುತ್ತದೆ.

ದೊಡ್ಡ ಲಾರಿಗಳು ರಾಜಾರೋಷವಾಗಿ ಹೋಗುವಾಗ ನಮ್ಮನ್ನೇ ಹಿಡಿಯುತ್ತಾರೆ ಎಂಬ ದೂರಿನಲ್ಲೂ ಸತ್ಯವಿದೆ. ಅದರಿಂದ ಹೊರಡುವ ಬೇಡಿಕೆ ಲಾರಿಯನ್ನೂ ಹಿಡಿಯಿರಿ ಎಂದಾಗಬೇಕೇ ವಿನಾ ನಮ್ಮನ್ನೂ ಬಿಡಿ ಎಂದಲ್ಲ. ಯಾಕೆಂದರೆ ಪಿಕಪ್ ಓಡಾಡುವುದು ಶಾಲೆಯ ಮುಂದೆ, ಸಂತೆಬೀದಿಯಲ್ಲಿ, ಮನೆಯ ಗೇಟಿನ ಎದುರು.

ಹೆಚ್ಚು ಲೋಡಿನ ಮೂಲ ಚಾಲಕನ ದುರಾಸೆಯಲ್ಲ, ಬಾಡಿಗೆಯ ಚೌಕಾಶಿಯಲ್ಲಿದೆ. ಟ್ರಿಪ್ಪಿಗೆ ಇಷ್ಟು ಎಂದು ಬಾಡಿಗೆ ನಿಗದಿಯಾದ ಮೇಲೆ ವರ್ತಕ ತುಂಬಿಸಿದಷ್ಟೂ ಅವನಿಗೆ ಉಳಿತಾಯ. ಒಲ್ಲೆ ಎಂದರೆ ಹಿಂದೆ ಇನ್ನೊಂದು ಗಾಡಿ ನಿಂತಿರುತ್ತದೆ. 194ನೇ ಕಲಮು ಇದನ್ನು ಮರೆತಿಲ್ಲ. ಹೆಚ್ಚು ಲೋಡಿನ ಗಾಡಿಯನ್ನು ಓಡಿಸಿದವನಷ್ಟೇ ಅಲ್ಲ, ಓಡಿಸಲು ಕಾರಣನಾದವನೂ ಓಡಿಸಲು ಬಿಟ್ಟವನೂ ತಪ್ಪಿತಸ್ಥನೇ ಎಂದು ಅದು ಹೇಳುತ್ತದೆ. ಮಂಡಿ ವರ್ತಕರನ್ನು, ಕಬ್ಬಿಣದ ಅಂಗಡಿಯವರನ್ನು, ಗುತ್ತಿಗೆದಾರರನ್ನು ಆ ಕಲಮಿನ ಕೆಳಗೆ ತರುವ ಉತ್ಸಾಹವನ್ನು ಸಾರಿಗೆ ಇಲಾಖೆ ತೋರಿಸಬೇಕು. ಎಪಿಎಂಸಿಗಳಲ್ಲಿ ತೂಕದ ಯಂತ್ರಗಳು ಹೇಗೂ ಇವೆ. ಗೇಟಿನಿಂದ ಹೊರಡುವ ಪಿಕಪ್ಪನ್ನು ಅದರ ಮೇಲೆ ಹತ್ತಿಸಿ ಕಳಿಸಲು ಹೊಸ ಕಾನೂನೇನೂ ಬೇಕಿಲ್ಲ.

ಆ ಕಲಮಿನ ಕೆಳಗೆ ಮನೆ ಕಟ್ಟಿಸುವವರೂ ಬರುತ್ತಾರೆ, ಮನೆ ಬದಲಿಸುವವರೂ ಬರುತ್ತಾರೆ. ಮುಂದಿನ ಸಲ ಪಿಕಪ್ ಕರೆಸಿದಾಗ ಸಿಮೆಂಟು ಮೂಟೆ ಎಣಿಸುವ ಮೊದಲು ಬಾಗಿಲ ಮೇಲಿನ ಅಂಕಿ ಓದಿ. ಮೂಟೆಗೆ 50 ಕೆ.ಜಿ.ಯಂತೆ 1,300 ಕೆ.ಜಿ.ಗೆ 26 ಮೂಟೆ. ನಲವತ್ತು ಬೇಕಿದ್ದರೆ ಎರಡು ಟ್ರಿಪ್ಪಿನ ಬಾಡಿಗೆ ಕೊಡಿ.